ಅಪಾಯ ಬಂದಾಗ ಒತ್ತುವ ಬಟನ್

ನಮ್ಮ ಭಾವ ಇಂಜಿನಿಯರ್ ಅಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ನಾವಿರುವ ಕಟ್ಟಡದಲ್ಲಿ ಈ ವಿಷಯ ಗೊತ್ತಿದ್ದವರು ಮೂವರೇ: ಅಕ್ಕ, ನಾನು ಮತ್ತು ಭಾವ. ಅಕ್ಕ ಅವರ ಹೆಂಡತಿ. ನಾನು ಕೆಲಸ ಸಿಗುವವರೆಗೆ ಎಂದು ಅವರ ಮನೆಗೆ ಬಂದು, ಕೆಲಸ ಸಿಕ್ಕಿದ ಮೇಲೂ ಹೋಗದೆ ಉಳಿದುಕೊಂಡವನು. ಹೀಗಾಗಿ ಹೊರಗೆ ಬಾಯಿ ಬಿಡಬೇಕಾದವರು ಭಾವ ಒಬ್ಬರೇ ಆಗಿದ್ದರು, ಅವರು ಬಿಡಲಿಲ್ಲ.

ಭಾವ ಇರುವುದು ಲಿಫ್ಟ್ ಕಂಪನಿಯಲ್ಲಿ ಎನ್ನುವುದು ನಿಜ. ಅಲ್ಲಿ ಅವರ ಕೆಲಸ ಫೋನ್ ಎತ್ತುವುದು. ಊರಿನ ಯಾವ ಮೂಲೆಯಲ್ಲಿ ಲಿಫ್ಟ್ ಕೆಟ್ಟು ನಿಂತರೂ ಜನ ಆ ನಂಬರಿಗೆ ಫೋನ್ ಮಾಡುತ್ತಾರೆ. ಭಾವ ದನಿಯನ್ನು ಹೊಟ್ಟೆಯ ಆಳದಿಂದ ಎಬ್ಬಿಸಿಕೊಂಡು, "ಮೆಕ್ಯಾನಿಕ್ ಹೊರಟಿದ್ದಾರೆ, ದಾರಿಯಲ್ಲಿದ್ದಾರೆ" ಎನ್ನುತ್ತಾರೆ. ಮನೆಯಲ್ಲಿ ಅವರ ದನಿ ತೆಳ್ಳಗೆ. ಆಫೀಸಿನ ದನಿಯೇ ಬೇರೆ. ಮೆಕ್ಯಾನಿಕ್ ಸಾಮಾನ್ಯವಾಗಿ ಹೊರಟಿರುವುದಿಲ್ಲ. ಆದರೂ ಆ ದನಿ ಕೇಳಿದವರಿಗೆ ಏನೋ ಒಂದು ನೆಮ್ಮದಿಯಾಗಿ, ಅವರು ಫೋನ್ ಇಟ್ಟು ಮೆಟ್ಟಿಲು ಹತ್ತುತ್ತಾರೆ.

ಇಂಜಿನಿಯರ್ ಪದವಿ ಅವರಿಗೆ ಸಿಕ್ಕಿದ್ದು ಮನೆ ಬದಲಾಯಿಸಿದ ದಿನ. ಬೀರುವಿಗೆ ಕಟ್ಟಿದ ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಅವರು ಮೆಟ್ಟಿಲ ಬಳಿ ನಿಂತಿದ್ದಾಗ ಕಟ್ಟಡದ ಕಾರ್ಯದರ್ಶಿ ಎದುರಾದರು. ಮೂರನೇ ಮಹಡಿಯ ಇವರು ಯಾವುದೋ ಗೋದಾಮಿನ ಮೇಲ್ವಿಚಾರಕರಾಗಿ ನಿವೃತ್ತರಾದವರು. ಗೋದಾಮಿನಿಂದ ಮಾತ್ರ ನಿವೃತ್ತರು, ಮೇಲ್ವಿಚಾರಣೆಯಿಂದ ಅಲ್ಲ.

"ಎಲ್ಲಿ ಕೆಲಸ?" ಎಂದರು. ಬೀರುವಿನ ಇನ್ನೊಂದು ತುದಿ ಹಿಡಿದಿದ್ದ ನಾನು, ಲಿಫ್ಟ್ ಕಂಪನಿ ಎಂದೆ. "ಓಹೋ, ಇಂಜಿನಿಯರಾ?" ಎಂದರು. ಭಾವ ಹಗ್ಗ ಕಚ್ಚಿಕೊಂಡೇ "ಹ್ಞೂಂ" ಎಂದರು. ಆ ಹ್ಞೂಂ ಹಗ್ಗದ್ದೋ ಭಾವನದ್ದೋ ಎಂದು ನಾನು ಇವತ್ತಿಗೂ ಹೇಳಲಾರೆ. ಹಗ್ಗ ಬಾಯಿಂದ ಹೊರಬರುವ ಹೊತ್ತಿಗೆ ಕೆಳಗಿನ ಅಂಚೆ ಪೆಟ್ಟಿಗೆಯ ಮೇಲೆ 'ಇಂಜಿನಿಯರ್, ಎರಡನೇ ಮಹಡಿ' ಎಂದು ಬಣ್ಣದಲ್ಲಿ ಬರೆದಾಗಿತ್ತು.

ಈ ಪದವಿಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆಯಾಗಿದ್ದು ಫೋನಿನ ಕೆಲಸದಿಂದ, ನಾಲ್ಕನೇ ಮಹಡಿಯ ಗಣಿತದ ಮೇಡಂ ಒಬ್ಬರಿಗೆ. ಅವರಿಗೂ ತೊಂದರೆ ಯಾರಿಂದ ಆದದ್ದು ಎಂದು ಗೊತ್ತಿರಲಿಲ್ಲ. ಮೇಡಂಗೆ ಮಂಡಿ ಬಗ್ಗುವುದಿಲ್ಲ. ದಿನಾ ಸಂಜೆ ಲಿಫ್ಟಿನಲ್ಲಿ ಕೆಳಗಿಳಿದು, ಗೇಟಿನ ಪಕ್ಕದ ಬೆಂಚಿನಲ್ಲಿ ಕೂತು, ಹೋಗಿ ಬರುವವರ ಲೆಕ್ಕ ಸರಿಪಡಿಸುವುದು ಅವರ ಜೀವನ. ತರಕಾರಿಯವನ ಲೆಕ್ಕ, ಮಕ್ಕಳ ಲೆಕ್ಕ, ಗಂಡ ಹೆಂಡಿರ ಜಗಳದಲ್ಲಿ ಯಾರು ಎಷ್ಟು ಸಲ ತಪ್ಪು ಮಾಡಿದರೆಂಬ ಲೆಕ್ಕ. ಹಿಂದೊಮ್ಮೆ ಲಿಫ್ಟ್ ಕೆಟ್ಟು ಒಂದು ಇಡೀ ಮಳೆಗಾಲ ನಿಂತೇ ಇತ್ತು. ಮೇಡಂ ಪ್ರತಿ ಬೆಳಿಗ್ಗೆ ಕಂಪನಿಗೆ ಫೋನ್ ಮಾಡುತ್ತಿದ್ದರು. ಪ್ರತಿ ಬೆಳಿಗ್ಗೆ ಒಂದು ಗಂಭೀರವಾದ ದನಿ, ಮೆಕ್ಯಾನಿಕ್ ದಾರಿಯಲ್ಲಿದ್ದಾರೆ ಎನ್ನುತ್ತಿತ್ತು. ಕಡೆಗೆ ಲಿಫ್ಟ್ ಸರಿಹೋಗಿ ಅವರು ಕೆಳಗೆ ಬಂದಾಗ ಸೊರಗಿಹೋಗಿದ್ದರು, ಮಾತು ಕಡಿಮೆಯಾಗಿತ್ತು, ತರಕಾರಿಯವನು ತಪ್ಪು ಲೆಕ್ಕ ಹೇಳಿದರೂ ಸುಮ್ಮನೆ ಚೀಲ ಹಿಡಿದರು. ಅದನ್ನು ನೋಡಿ ನನಗೆ ಸಂಕಟವಾಯಿತು. ಭಾವನಿಗೆ ಏನಾಯಿತೋ, ಅವರು ಆವತ್ತು ಊಟ ಮಾಡಲಿಲ್ಲ.

"ಆ ಫೋನಿನವನು ಎಲ್ಲಾದ್ರೂ ಸಿಕ್ಕಿದ್ರೆ ಕಿವಿ ಹಿಂಡ್ತೀನಿ," ಎಂದು ಮೇಡಂ ಆಗಾಗ ಭಾವನ ಬಳಿಯೇ ಹೇಳುತ್ತಿದ್ದರು. "ನೀವು ಇಂಜಿನಿಯರು, ನಿಮ್ಮ ಆಫೀಸಲ್ಲಿ ಅವನನ್ನ ನೋಡಿರಬೇಕಲ್ಲ?"

"ಬೇರೆ ವಿಭಾಗ ಮೇಡಂ," ಎನ್ನುತ್ತಿದ್ದರು ಭಾವ, ಎರಡು ಕಿವಿಯನ್ನೂ ಮಫ್ಲರಿನಲ್ಲಿ ಮುಚ್ಚಿಕೊಂಡು.

ಇನ್ನು ಆಟದ ಪೆಟ್ಟಿಗೆಯ ವಿಷಯ. ಪೇಟೆಯ ಹಳೆಯ ಸಿನಿಮಾ ಮಂದಿರವೊಂದು ಮುಚ್ಚಿ, ಅಲ್ಲಿ ಪೀಠೋಪಕರಣದ ಅಂಗಡಿ ಬಂತು. ಸಾಮಾನು ಸಾಗಿಸುವ ಲಿಫ್ಟ್ ಕೂರಿಸಲು ಹೋದ ಕಂಪನಿಯವರಿಗೆ ಮೂಲೆಯಲ್ಲಿ ಒಂದು ವಿಡಿಯೋ ಗೇಮ್ ಪೆಟ್ಟಿಗೆ ಅಡ್ಡವಾಗಿತ್ತು. ಆಳೆತ್ತರದ ಮರದ ಪೆಟ್ಟಿಗೆ, ಎದೆಮಟ್ಟದಲ್ಲಿ ಗಾಜಿನ ಪರದೆ, ಅದರ ಕೆಳಗೆ ಒಂದು ಹಿಡಿಕೆ, ಎರಡು ಬಟನ್. ಪರದೆಯ ಮೇಲೆ ಒಂದು ಪುಟ್ಟ ವಿಮಾನ ಹಾರುತ್ತದೆ, ಎದುರಿಂದ ಶತ್ರುಗಳು ಬರುತ್ತಲೇ ಇರುತ್ತಾರೆ. ಒಂದು ಬಟನ್ನಿಗೆ ಗುಂಡು, ಇನ್ನೊಂದಕ್ಕೆ ಬಾಂಬು. ಓದುವ ದಿನಗಳಲ್ಲಿ ಭಾವ ಸಿನಿಮಾ ಮಧ್ಯಂತರದಲ್ಲಿ ಇದರ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದರಂತೆ. ಅವರ ಸರದಿ ಬರುವ ಮೊದಲೇ ಪ್ರತಿ ಸಲವೂ ಸಿನಿಮಾ ಶುರುವಾಗುತ್ತಿತ್ತು. ಗುಜರಿಗೆ ಹೋಗಬೇಕಿದ್ದ ಪೆಟ್ಟಿಗೆಯನ್ನು ಅವರು ಕೇಳಿ ಪಡೆದು ಮನೆಗೆ ತಂದರು.

ಅದನ್ನು ಇಟ್ಟದ್ದು ಹಾಲಿನಲ್ಲಿ, ಅಕ್ಕ ಬಟ್ಟೆ ಕತ್ತರಿಸುವ ಮೇಜು ಇದ್ದ ಜಾಗದಲ್ಲಿ. ಅಕ್ಕ ಆಸ್ಪತ್ರೆ, ಹೋಟೆಲುಗಳಿಗೆ ಪರದೆ ಹೊಲಿದು ಕಳಿಸುತ್ತಾಳೆ. ಒಂದೊಂದು ಗಂಟು ಅವಳಿಗಿಂತ ದಪ್ಪ. ಗಂಟು ಹೊತ್ತು ಲಿಫ್ಟಿಗೆ ಕಾಯುವುದೇ ಅವಳ ಅರ್ಧ ಕೆಲಸ.

"ಈ ಪೆಟ್ಟಿಗೆಯಿಂದ ಈ ಮನೆಗೆ ಏನು ಉಪಯೋಗ?" ಎಂದಳು ಅಕ್ಕ.

"ಇರತ್ತೆ, ನೋಡ್ತಾ ಇರು," ಎಂದರು ಭಾವ.

"ಸರಿ, ನೋಡ್ತೀನಿ. ಉಪಯೋಗ ಕಾಣದೆ ಇದ್ರೆ ಗುಜರಿಯವನನ್ನ ಕರೀತೀನಿ."

ಮೊದಲು ನೋಡಲು ಬಂದವರು ಕಾರ್ಯದರ್ಶಿ. ಪೆಟ್ಟಿಗೆಯನ್ನು ಸುತ್ತು ಹಾಕಿದರು, ಬೆನ್ನು ತಟ್ಟಿದರು, ಕೊನೆಗೆ ಬಗ್ಗಿ ನೋಡಿ, "ಬರೀ ಎರಡೇ ಬಟನ್ನಾ?" ಎಂದರು.

"ಈ ಆಟಕ್ಕೆ ಅಷ್ಟೇ ಸಾರ್," ಎಂದರು ಭಾವ.

"ನಮ್ಮ ತಮ್ಮನ ಮಗ ಆಡೋದ್ರಲ್ಲಿ ಕೈ ಇಟ್ಟಲ್ಲೆಲ್ಲ ಬಟನ್ನು. ಇರಲಿ ಬಿಡಿ. ಆದ್ರೂ ಲಿಫ್ಟ್ ಇಂಜಿನಿಯರ್ ಮನೇಲಿ ಎರಡೇ ಬಟನ್ನು ಅಂದ್ರೆ..." ಎಂದು ಅವರು ಮಾತನ್ನು ಅಲ್ಲಿಗೇ ನಿಲ್ಲಿಸಿ, ಕಾಫಿ ಕುಡಿದು ಹೋದರು.

ಮಾತನ್ನು ಪೂರ್ತಿ ಮಾಡಿದ್ದರೆ ಭಾವ ಸಹಿಸಿಕೊಳ್ಳುತ್ತಿದ್ದರೋ ಏನೋ. ಅರ್ಧಕ್ಕೆ ಬಿಟ್ಟದ್ದು ಅವರನ್ನು ಕೊರೆಯಿತು. ಮರುದಿನ ಆಫೀಸಿನ ರದ್ದಿ ಡಬ್ಬದಿಂದ ಹಳೆಯ ಲಿಫ್ಟುಗಳ ನಾಲ್ಕು ಬಟನ್ ಹಿಡಿದು ಬಂದರು. ಒಂದರ ಮೇಲೆ ಮೂರು ಎಂಬ ಅಂಕಿ, ಒಂದರ ಮೇಲೆ ಬಾಗಿಲು ತೆರೆಯುವ ಬಾಣಗಳು, ಒಂದರ ಮೇಲೆ ಫ್ಯಾನು, ಇನ್ನೊಂದರ ಮೇಲೆ ಗಂಟೆಯ ಚಿತ್ರ.

ಕಾಮಗಾರಿ ಭಾನುವಾರ ನಡೆಯಿತು. ವಿದ್ಯುತ್ತಿನ ಬಗ್ಗೆ ಭಾವನಿಗೆ ಖಚಿತವಾಗಿ ತಿಳಿದಿರುವುದು ಒಂದೇ, ಅದು ಹೊಡೆಯುತ್ತದೆ ಎಂಬುದು. ಆದ್ದರಿಂದ ಅವರು ರಬ್ಬರಿನ ಚಪ್ಪಲಿ ಹಾಕಿಕೊಂಡು, ಬಚ್ಚಲುಮನೆಯ ರಬ್ಬರಿನ ಹಾಸಿನ ಮೇಲೆ ನಿಂತು, ಪ್ಲಗ್ಗನ್ನು ಕಿತ್ತು ನನ್ನ ಕೈಗೆ ಕೊಟ್ಟು, "ಇದನ್ನ ಕಣ್ಣೆದುರು ಹಿಡ್ಕೊಂಡಿರು, ಕೆಳಗಿಡಬೇಡ" ಎಂದರು. ಹಿಡಿಕೆಯ ಪಕ್ಕದ ಹಲಗೆಗೆ ನಾಲ್ಕು ತೂತು ಕೊರೆದರು. ತೂತುಗಳು ಒಂದು ಸಾಲಿನಲ್ಲಿ ಬರಬೇಕಿತ್ತು, ಮೂರು ಬಂದವು.

ಬಟನ್ ಕೂರಿಸುವುದು ಸುಲಭ, ಅದರ ಬೆನ್ನಿನ ವೈರುಗಳನ್ನು ಎಲ್ಲಿಗೆ ಕೊಡುವುದು ಎನ್ನುವುದೇ ಪ್ರಶ್ನೆ. ಒಳಗಿನ ಬೋರ್ಡಿನಲ್ಲಿ ಹಿಡಿಕೆಗೂ ಹಳೆಯ ಎರಡು ಬಟನ್ನಿಗೂ ಮಾತ್ರ ಜಾಗವಿತ್ತು. ಮೂರು ಅಂಕಿಯದನ್ನೂ ಬಾಣದ್ದನ್ನೂ ಭಾವ ಗುಂಡಿನ ಬಟನ್ನಿನ ವೈರಿಗೇ ಸುತ್ತಿದರು. ಹೀಗೆ ಮೂರು ಬಟನ್ನಿಗೆ ಒಂದೇ ಕೆಲಸ ಸಿಕ್ಕಿತು. ಫ್ಯಾನಿನದನ್ನು ಪೆಟ್ಟಿಗೆಯ ತಲೆಯ ಮೇಲಿನ ದೀಪಕ್ಕೆ ಕೊಟ್ಟರು. ಒತ್ತಿದರೆ ದೀಪ ಆರುತ್ತಿತ್ತು. ಗಂಟೆಯ ಬಟನ್ನಿನ ಎರಡು ವೈರು ಮಾತ್ರ ಉಳಿದವು.

"ಟೇಪ್ ಸುತ್ತಿ ಬಿಟ್ಟುಬಿಡಿ ಭಾವ," ಎಂದೆ.

"ವೈರನ್ನ ಹಾಗೆಲ್ಲ ಅನಾಥವಾಗಿ ಬಿಡಬಾರದು ಕಣೋ," ಎಂದರು. ಈ ತತ್ವ ಅವರಿಗೆ ಎಲ್ಲಿಂದ ಬಂತೋ. ಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ, ನಾವು ಬರುವ ಮೊದಲಿಂದಲೂ, ಒಂದು ಬಿಳಿಯ ಮುಚ್ಚಳವಿತ್ತು. ಅದನ್ನು ಬಿಚ್ಚಿದರೆ ಒಳಗೂ ಎರಡು ಅನಾಥ ವೈರುಗಳು, ತುದಿಗೆ ಟೇಪು ಸುತ್ತಿಕೊಂಡು ಕೂತಿದ್ದವು. ಭಾವ ಸಂತೋಷಪಟ್ಟರು. ಈ ಎರಡಕ್ಕೂ ಆ ಎರಡಕ್ಕೂ ಗಂಟು ಹಾಕಿ, ಮುಚ್ಚಳ ಮುಚ್ಚಿದರು.

ಈಗ ನಿಮಗೆ ಒಂದು ಸಂಗತಿ ಹೇಳಬೇಕು. ಆ ಗೋಡೆಯ ಆಚೆ ಬದಿಯಲ್ಲಿ ಇರುವುದು ಲಿಫ್ಟು. ಲಿಫ್ಟಿನ ಬಾಗಿಲ ಪಕ್ಕದಲ್ಲಿ ಅದನ್ನು ಕರೆಯುವ ಬಟನ್. ಮುಚ್ಚಳದೊಳಗಿನ ವೈರುಗಳು ಆ ಬಟನ್ನಿನ ಬೆನ್ನಿಂದ ಬಂದವು. ಅಂದರೆ ನಮ್ಮ ಮನೆಯ ಹಾಲಿನಲ್ಲಿ ಯಾರು ಗಂಟೆಯ ಬಟನ್ ಒತ್ತಿದರೂ ಲಿಫ್ಟು ಎದ್ದು ಎರಡನೇ ಮಹಡಿಗೆ ಬರುತ್ತಿತ್ತು. ಲಿಫ್ಟ್ ಕಂಪನಿಯಲ್ಲಿ ಇಷ್ಟು ವರ್ಷ ಇದ್ದ ಮನುಷ್ಯನಿಗೆ ಇದು ಹೊಳೆಯಬಾರದೇ ಎಂದು ನೀವು ಕೇಳಬಹುದು. ಫೋನಿನಲ್ಲಿ ಗೋಡೆಯ ಹಿಂಭಾಗ ಕಾಣುವುದಿಲ್ಲ.

"ಗಂಟೆ ಒತ್ತಿದ್ರೆ ಏನಾಗತ್ತೆ?" ಎಂದು ನಾನು ಕೇಳಿದೆ. ಪ್ಲಗ್ ಹಾಕಿ ಒತ್ತಿ ನೋಡಿದ್ದೆ, ಪರದೆಯ ಮೇಲೆ ಏನೂ ಆಗಿರಲಿಲ್ಲ.

"ಅದು ಅಪಾಯ ಬಂದಾಗ ಒತ್ತೋದು."

"ಒತ್ತಿದ್ರೆ?"

"ಅಪಾಯ ಬಂದಾಗ ಗೊತ್ತಾಗತ್ತೆ."

ಹೊರಗೆ ಲಿಫ್ಟ್ ಟಿಂಗ್ ಎಂದಿತು. ಯಾರೋ ಬಂದರೇನೋ ಎಂದು ನೋಡಿದೆ. ಯಾರೂ ಇರಲಿಲ್ಲ. ಬಾಗಿಲು ತೆರೆದುಕೊಂಡು ಸ್ವಲ್ಪ ಹೊತ್ತು ನಿಂತು ಮುಚ್ಚಿಕೊಂಡಿತು.

ಆ ಆಟದಲ್ಲಿ ಅಪಾಯ ಬಿಟ್ಟು ಬೇರೇನೂ ಇಲ್ಲ ಎನ್ನುವುದನ್ನು ಭಾವ ಗಮನಿಸಿರಲಿಲ್ಲ. ಆಡಿದವರೆಲ್ಲ ಗಂಟೆ ಒತ್ತಿದರು. ಮಾರನೆಯ ಸಂಜೆ ಮೇಡಂ ಬೆಂಚಿಗೆಂದು ಕೆಳಗಿಳಿಯುತ್ತಿದ್ದಾಗ ಲಿಫ್ಟ್ ಎರಡನೇ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಎದುರಿಗೆ ನಮ್ಮ ಮನೆಯ ಬಾಗಿಲೂ ತೆರೆದಿತ್ತು, ಒಳಗೆ ನಾನು ವಿಮಾನ ಹಾರಿಸುತ್ತಿದ್ದೆ.

"ಎಡಕ್ಕೆ ಹೋಗೋದಲ್ವೇನೋ, ದಡ್ಡ," ಎಂದು ಮೇಡಂ ಲಿಫ್ಟಿನೊಳಗಿಂದಲೇ ಹೇಳಿದರು. ಆಮೇಲೆ ತಡೆಯಲಾರದೆ ಒಳಗೆ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿದರು.

ಅಂದಿನಿಂದ ಅವರು ಬೆಂಚಿಗೆ ಹೋಗುವ ಮುನ್ನ ಒಂದಾಟ, ಬಂದ ಮೇಲೆ ಒಂದಾಟ ಎಂದು ಗೊತ್ತುಮಾಡಿಕೊಂಡರು. ನಾಣ್ಯ ಹಾಕುವ ಬಾಗಿಲಿಗೆ ಬೀಗ ಇರಲಿಲ್ಲವಾದ್ದರಿಂದ ಒಂದೇ ನಾಣ್ಯವನ್ನು ತೆಗೆದು ತೆಗೆದು ಹಾಕುತ್ತಿದ್ದರು. ಗಂಟೆಯ ಬಟನ್ನಿನ ಮೇಲೆ ಅವರಿಗೆ ಅಪಾರ ನಂಬಿಕೆ ಹುಟ್ಟಿತು.

"ಗಂಟೆ ಒತ್ತಿದಾಗೆಲ್ಲ ಪಾರಾಗಿದೀನಿ," ಎಂದರು ನನಗೆ.

"ಒತ್ತದೆ ಇದ್ದಾಗ ಮೇಡಂ?"

"ಒತ್ತದೆ ಇದ್ದಿದ್ದೇ ಇಲ್ಲ. ಸುಮ್ಮನೆ ಯಾಕೆ ಅಪಾಯ ತಗೋಬೇಕು?" ಎಂದರು ಗಣಿತದ ಮೇಡಂ.

ಇತ್ತ ಕಾರ್ಯದರ್ಶಿಯವರ ಬಾಳು ಕೆಟ್ಟಿತು. ಸಂಜೆ ಕೆಳಗಿನಿಂದ ಮೂರನೇ ಮಹಡಿಗೆ ಹೊರಟರೆ ಲಿಫ್ಟ್ ಎರಡರಲ್ಲಿ ನಿಲ್ಲುವುದು. ಮೂರರಿಂದ ಕೆಳಗೆ ಹೊರಟರೂ ಎರಡರಲ್ಲಿ ನಿಲ್ಲುವುದು. ಕೆಳಗೆ ಕಾಯುತ್ತ ನಿಂತರೆ ಖಾಲಿ ಲಿಫ್ಟು ಕಣ್ಣೆದುರೇ ಎದ್ದು ಮೇಲೆ ಹೋಗುವುದು. ಅವರು ಕಂಪನಿಗೆ ಫೋನ್ ಮಾಡಿದರು. ಎತ್ತಿದವರು ಯಾರೆಂದು ಹೇಳಬೇಕಾಗಿಲ್ಲ.

"ಲಿಫ್ಟ್ ತಾನಾಗಿ ಎರಡನೇ ಮಹಡಿಗೆ ಹೋಗ್ತಾ ಇದೆ," ಎಂದರು ಕಾರ್ಯದರ್ಶಿ.

"ಯಾರಾದ್ರೂ ಬಟನ್ ಒತ್ತಿರಬೇಕು ಸಾರ್," ಎಂದರು ಭಾವ, ಹೊಟ್ಟೆಯ ಆಳದಿಂದ.

"ಓಡಿ ಹೋಗಿ ನೋಡಿದೀನಿ. ಬಟನ್ ಹತ್ರ ನರಪಿಳ್ಳೆ ಇರಲ್ಲ."

ಕೆಟ್ಟು ನಿಂತ ಲಿಫ್ಟಿಗೆ ಭಾವನ ಬಳಿ ಉತ್ತರವಿತ್ತು, ಓಡಾಡುವ ಲಿಫ್ಟಿಗೆ ಇರಲಿಲ್ಲ. "ಎರಡನೇ ಮಹಡೀಲಿ ಯಾರಿದ್ದಾರೆ ಸಾರ್?" ಎಂದು ಕೇಳಿದರು.

"ನಿಮ್ಮ ಕಂಪನಿ ಇಂಜಿನಿಯರೇ ಇದ್ದಾರಲ್ರೀ."

ಭಾವನಿಗೆ ಕಟ್ಟಡದ ಗುರುತು ಹತ್ತಿದ್ದು ಆಗ. ಆ ಕ್ಷಣದಲ್ಲಿ ಫೋನ್ ಇಟ್ಟುಬಿಡಬಹುದಿತ್ತು. ಆದರೆ ಅವರು, "ಹಾಗಾದ್ರೆ ಅವರನ್ನೇ ಕೇಳಿ ಸಾರ್, ಅವರಿಗಿಂತ ತಿಳಿದವರು ನಮ್ಮಲ್ಲಿ ಯಾರೂ ಇಲ್ಲ" ಎಂದರು. ಇಂಥ ಮಾತನ್ನು ಅವರ ಬಗ್ಗೆ ಬೇರೆ ಯಾರೂ ಆಡಿರಲಿಲ್ಲ.

ಅಂದು ಸಂಜೆಯೇ ಕಾರ್ಯದರ್ಶಿ ನಮ್ಮ ಮನೆಗೆ ಬಂದರು. "ನಿಮ್ಮ ಆಫೀಸಿನವರು ನಿಮ್ಮನ್ನೇ ಕೇಳು ಅಂದ್ರು. ಬಹಳ ಗೌರವ ಇಟ್ಟಿದ್ದಾರೆ ನಿಮ್ಮ ಮೇಲೆ," ಎಂದರು. ಹೇಳುತ್ತ ಹೇಳುತ್ತ ಪೆಟ್ಟಿಗೆಯ ಮುಂದೆ ನಿಂತು ನಾಣ್ಯ ಹಾಕಿದರು. ವಿಮಾನ ಎದ್ದಿತು. "ಹೊತ್ತಿಲ್ಲ ಗೊತ್ತಿಲ್ಲ, ಯಾವಾಗ ಅಂದ್ರೆ ಆವಾಗ ಬರತ್ತೆ," ಎನ್ನುತ್ತ, ಶತ್ರು ಎದುರಾದಾಗ ಗಂಟೆ ಒತ್ತಿದರು. ಹೊರಗೆ ಟಿಂಗ್ ಎಂದಿತು.

"ನೋಡಿ, ಬಂತು," ಎಂದರು.

ಭಾವ ಬಾಗಿಲಿಗೆ ಹೋಗಿ ಲಿಫ್ಟನ್ನು ನೋಡಿದರು. ಖಾಲಿ ಲಿಫ್ಟು ಅವರನ್ನು ನೋಡಿತು. ಏನಾದರೂ ಹೇಳಲೇಬೇಕಿತ್ತು. "ಇದು ಅಭ್ಯಾಸ," ಎಂದರು ಭಾವ.

"ಯಾರ ಅಭ್ಯಾಸ?"

"ಲಿಫ್ಟಿಂದು. ಒಂದೇ ಮಹಡಿಗೆ ಹೆಚ್ಚು ಓಡಾಡಿದ್ರೆ ಹಗ್ಗಕ್ಕೆ ಅದೇ ರೂಢಿ ಆಗಿಬಿಡತ್ತೆ ಸಾರ್. ಬಿಡಿಸಬೇಕು."

ಕಾರ್ಯದರ್ಶಿ ತಲೆದೂಗಿದರು. ಗೋದಾಮಿನಲ್ಲಿ ಅವರು ಇಂಥ ಕೂಲಿಗಳನ್ನು ಕಂಡಿದ್ದರಂತೆ. ಬಿಡಿಸುವುದು ಹೇಗೆ ಎಂದು ಕೇಳಿದಾಗ ಭಾವ ಹೇಳಿದ ಮದ್ದು ಇದು: ಯಾರೂ ಎರಡನೇ ಮಹಡಿಯಲ್ಲಿ ಇಳಿಯಬಾರದು. ಅಲ್ಲಿ ಲಿಫ್ಟ್ ನಿಂತರೂ ಬಾಗಿಲ ಕಡೆ ನೋಡಬಾರದು. ಗಮನ ಕೊಟ್ಟಷ್ಟೂ ಅದಕ್ಕೆ ಚಾಳಿ ಹೆಚ್ಚುತ್ತದೆ.

ಕಟ್ಟಡ ಇದನ್ನು ಶ್ರದ್ಧೆಯಿಂದ ಪಾಲಿಸಿತು. ಕಾರ್ಯದರ್ಶಿ ಸರದಿ ಗೊತ್ತುಮಾಡಿ, ಜನರನ್ನು ಕೆಳಗಿನಿಂದ ನಾಲ್ಕಕ್ಕೂ ನಾಲ್ಕರಿಂದ ಕೆಳಕ್ಕೂ ಸುಮ್ಮನೆ ಓಡಾಡಿಸಿದರು. ನಮ್ಮ ಮಹಡಿಯಲ್ಲಿ ಬಾಗಿಲು ತೆರೆದಾಗೆಲ್ಲ ಒಳಗೆ ನಾಲ್ಕೈದು ಮಂದಿ ಚಾವಣಿ ನೋಡುತ್ತ ನಿಂತಿರುತ್ತಿದ್ದರು. ನಾನು ಕೆಲಸ ಮುಗಿಸಿ ಬಂದವನು ಮೂರನೇ ಮಹಡಿಗೆ ಹೋಗಿ, ಮೆಟ್ಟಿಲಿಳಿದು ಮನೆ ಸೇರುತ್ತಿದ್ದೆ. ಮೇಡಂ ಒಬ್ಬರು, "ನನ್ನ ಮಂಡಿಗೆ ಇದೆಲ್ಲ ಆಗಲ್ಲ" ಎಂದು ಎರಡರಲ್ಲೇ ಇಳಿದು ಆಡುತ್ತಿದ್ದರು. ದಿನದಿಂದ ದಿನಕ್ಕೆ ಅವರ ಆಟ ಬೆಳೆಯಿತು, ಗಂಟೆ ಒತ್ತುವುದೂ ಬೆಳೆಯಿತು, ಲಿಫ್ಟಿನ ಚಾಳಿಯೂ ಬೆಳೆಯಿತು.

ಇಷ್ಟರಲ್ಲಿ ನನಗೆ ಆಶ್ಚರ್ಯವಾದದ್ದು ಅಕ್ಕನ ವಿಷಯದಲ್ಲಿ. ಗುಜರಿಯವನ ಮಾತನ್ನೇ ಅವಳು ಎತ್ತುತ್ತಿರಲಿಲ್ಲ. ಮೇಡಂ ಬಂದರೆ ತಾನೇ ಸ್ಟೂಲು ಹಾಕಿ, "ಇನ್ನೊಂದಾಟ ಆಡಿ ಮ್ಯಾಡಂ, ಏನು ಅವಸರ" ಎಂದು ಉಪಚಾರ ಮಾಡಿ, ಪರದೆಯ ಗಂಟು ಹೊತ್ತು ಹೊರಗೆ ಹೋಗುತ್ತಿದ್ದಳು. ವಯಸ್ಸಾದವರ ಮೇಲೆ ಕನಿಕರ ಎಂದುಕೊಂಡೆ.

ಮದ್ದು ನಾಟದೆ ಹೋದದ್ದನ್ನು ಕಂಡು ಕಾರ್ಯದರ್ಶಿ ಲಿಫ್ಟ್ ತನಿಖಾ ಕಚೇರಿಗೆ ದೂರು ಬರೆದರು. ಬರೆದದ್ದು ಅಭ್ಯಾಸಬಲದಿಂದ, ಅವರು ತಿಂಗಳಿಗೊಮ್ಮೆ ಯಾವುದಾದರೂ ಕಚೇರಿಗೆ ಬರೆಯುತ್ತಲೇ ಇರುತ್ತಾರೆ, ಯಾರೂ ಬರುವುದಿಲ್ಲ. ಈ ಸಲ ತನಿಖಾಧಿಕಾರಿ ಬಂದೇಬಿಟ್ಟರು. ತೆಳ್ಳನೆಯ ಮನುಷ್ಯ, ಕೈಯಲ್ಲಿ ಚರ್ಮದ ಚೀಲ. ನೇರವಾಗಿ ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಬಂದರು.

"ಲಿಫ್ಟಲ್ಲಿ ಬರಬಹುದಿತ್ತಲ್ಲ ಸಾರ್," ಎಂದರು ಕಾರ್ಯದರ್ಶಿ.

"ನಾನು ಲಿಫ್ಟ್ ಹತ್ತಲ್ಲ. ಒಳಗೆ ಏನೇನಿರತ್ತೆ ಅಂತ ನನಗೆ ಗೊತ್ತು," ಎಂದರು ಅವರು.

ಲಿಫ್ಟಿನ ಮುಂದೆ ಕಟ್ಟಡವೇ ನೆರೆದಿತ್ತು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತಿದ್ದರು. ಎಲ್ಲರೂ ಕಾದರು. ಲಿಫ್ಟು ಬರಲಿಲ್ಲ. ಅದು ಎಷ್ಟು ಹೊತ್ತು ಬರಲಿಲ್ಲವೆಂದರೆ, ಅಧಿಕಾರಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, "ತಾನಾಗಿ ಬರತ್ತೆ ಅಂತ ಬರೆದಿದ್ರಿ" ಎಂದರು. ಕಾರ್ಯದರ್ಶಿ ಲಿಫ್ಟಿನ ಬಾಗಿಲನ್ನು ಬೇಡುವ ಕಣ್ಣಿಂದ ನೋಡಿದರು.

ಮೇಡಂಗೆ ನಿಂತು ನಿಂತು ಮಂಡಿ ನೋಯುತ್ತಿತ್ತು. "ಬಂದಾಗ ಹೇಳಿ," ಎಂದು ನಮ್ಮ ಮನೆಯೊಳಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಸುಮ್ಮನೆ ಕೂರುವ ಜೀವವಲ್ಲ. ಒಳಗಿಂದ ನಾಣ್ಯ ಬಿದ್ದ ಸದ್ದಾಯಿತು, ಗುಂಡಿನ ಸದ್ದಾಯಿತು. ಹೊರಗೆ ಟಿಂಗ್ ಎಂದಿತು. ಖಾಲಿ ಲಿಫ್ಟಿನ ಬಾಗಿಲು ತೆರೆಯಿತು. ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದರು. ಬಾಗಿಲು ಮುಚ್ಚಿತು, ಮತ್ತೆ ಟಿಂಗ್, ಮತ್ತೆ ತೆರೆಯಿತು.

"ಸಾಕು," ಎಂದರು ಅಧಿಕಾರಿ. ಚೀಲದಿಂದ ಅರಗು, ದಾರ, ಮೊಹರು ತೆಗೆದರು. "ಕಾರಣ ಗೊತ್ತಿಲ್ಲದೆ ಓಡಾಡೋ ಲಿಫ್ಟು ಯಾವಾಗ ಬೇಕಾದ್ರೂ ಬೀಳಬಹುದು. ಸೀಲ್ ಮಾಡ್ತಾ ಇದೀನಿ. ಕಂಪನಿಯವರು ಬಂದು ಹೊಸ ಬೋರ್ಡ್ ಹಾಕೋವರೆಗೆ ಯಾರೂ ಹತ್ತೋ ಹಾಗಿಲ್ಲ."

ಮೇಡಂ ಆಟ ಬಿಟ್ಟು ಬಾಗಿಲಿಗೆ ಬಂದಿದ್ದರು. "ಕಂಪನಿಯವರು ಬರೋವರೆಗಾ?" ಎಂದರು. "ಹೋದ ಸಲ ಒಂದು ಮಳೆಗಾಲ ಹಿಡೀತು." ಇಷ್ಟೇ ಹೇಳಿದ್ದು. ಜಗಳ ಆಡಿದ್ದರೆ ನಮಗೆ ಎಷ್ಟೋ ವಾಸಿಯಿತ್ತು.

ಅಧಿಕಾರಿಗೂ ಏನೋ ಅನ್ನಿಸಿರಬೇಕು. "ಇಲ್ಲಿ ಯಾರೋ ಅದೇ ಕಂಪನಿಯ ಇಂಜಿನಿಯರ್ ಇದ್ದಾರಂತಲ್ಲ," ಎಂದರು. "ಲಿಫ್ಟಿಂದ ಅಪಾಯ ಇಲ್ಲ ಅಂತ ಅವರು ಒಂದು ಸಹಿ ಹಾಕ್ಲಿ. ಸೀಲ್ ಮಾಡಲ್ಲ. ಹೋಗ್ತೀನಿ."

ಗುಂಪು ಎರಡು ಪಾಲಾಗಿ ದಾರಿ ಬಿಟ್ಟಿತು. ಭಾವ ಮುಂದೆ ಬಂದರು. ಕಾರ್ಯದರ್ಶಿ ತಮ್ಮ ಜೇಬಿನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ಕೊಟ್ಟರು. ಅಧಿಕಾರಿ ಕಾಗದವನ್ನು ಚೀಲದ ಮೇಲಿಟ್ಟು ಹಿಡಿದರು. ಒಂದು ಸಹಿ, ಅಷ್ಟೇ. ಹಾಕಿದರೆ ಎಲ್ಲರಿಗೂ ಸುಖ. ಭಾವ ಪೆನ್ನು ಹಿಡಿದು, ಕಾಗದ ನೋಡಿದರು, ಲಿಫ್ಟ್ ನೋಡಿದರು, ಮೇಡಂ ಮುಖ ನೋಡಿದರು.

"ಇದರಲ್ಲಿ ಮೇಡಂ ಓಡಾಡ್ತಾರೆ ಸಾರ್," ಎಂದರು. "ನಾನು ಸಹಿ ಹಾಕೋಕಾಗಲ್ಲ."

"ಯಾಕೆ?"

"ನಾನು ಇಂಜಿನಿಯರ್ ಅಲ್ಲ. ನಾನು ಫೋನ್ ಎತ್ತೋನು."

ಕಾರ್ಯದರ್ಶಿಗೆ ಇದು ನಂಬಿಕೆಯಾಗಲಿಲ್ಲ. "ಸಂಕೋಚ ಸಾರ್ ಅವರಿಗೆ, ದೊಡ್ಡವರೆಲ್ಲ ಹೀಗೇ," ಎಂದು ಅಧಿಕಾರಿಗೆ ಸಮಜಾಯಿಷಿ ಹೇಳಹೊರಟರು. ಭಾವ ಕಣ್ಣು ಮುಚ್ಚಿಕೊಂಡರು. ದನಿಯನ್ನು ಹೊಟ್ಟೆಯ ಆಳದಿಂದ ಎಬ್ಬಿಸಿದರು.

"ಮೆಕ್ಯಾನಿಕ್ ಹೊರಟಿದ್ದಾರೆ. ದಾರಿಯಲ್ಲಿದ್ದಾರೆ."

ಕಾರ್ಯದರ್ಶಿಯ ಮುಖ ಬಿಳಿಚಿಕೊಂಡಿತು. "ಇದೇ ದನಿ," ಎಂದರು. "ಅವರಿಗಿಂತ ತಿಳಿದವರು ಇಲ್ಲ ಅಂದಿದ್ದು ಇದೇ ದನಿ."

ಮೇಡಂ ನಿಧಾನವಾಗಿ ಗೋಡೆ ಹಿಡಿದುಕೊಂಡು ಭಾವನ ಹತ್ತಿರ ಬಂದರು. ಅವರು ಭಾವನ ಭುಜಕ್ಕೆ ಬರುತ್ತಾರೆ. "ಬಗ್ಗು," ಎಂದರು. ಅಲ್ಲಿಯವರೆಗೆ ಭಾವನಿಗೆ ನೀವು, ತಾವು ಎನ್ನುತ್ತಿದ್ದವರು. ಭಾವ ಮಫ್ಲರ್ ಬಿಚ್ಚಿ ಬಗ್ಗಿದರು. ಮೇಡಂ ಬಲಗಿವಿ ಹಿಡಿದು, ಹಳೆಯ ಶಾಲೆಯ ಕ್ರಮದಲ್ಲಿ, ಒಂದು ಸುತ್ತು ತಿರುಗಿಸಿದರು.

"ಮಳೆಗಾಲಕ್ಕೆ," ಎಂದರು. ಆಮೇಲೆ ಕೈಬಿಟ್ಟು, "ಸುಳ್ಳು ಸಹಿ ಹಾಕಲಿಲ್ಲ, ಅದಕ್ಕೇ ಎಡಗಿವಿ ಬಿಟ್ಟಿದೀನಿ" ಎಂದರು.

ಅಧಿಕಾರಿ ಕಡ್ಡಿ ಗೀರಿ ಅರಗು ಕರಗಿಸತೊಡಗಿದರು. ಆಗ ಅಕ್ಕ, ಇಷ್ಟು ಹೊತ್ತೂ ಪರದೆಯ ಗಂಟಿನ ಮೇಲೆ ಕೂತು ನೋಡುತ್ತಿದ್ದವಳು, ಎದ್ದು ನಿಂತಳು. "ಕಡ್ಡಿ ಆರಿಸಿ ಸಾರ್. ಲಿಫ್ಟಿಗೆ ಏನೂ ಆಗಿಲ್ಲ. ಅದನ್ನ ಕೆಳಗೆ ಕಳಿಸಿ, ಒಳಗೆ ಬನ್ನಿ."

ಲಿಫ್ಟನ್ನು ಕೆಳಗೆ ಕಳಿಸಲಾಯಿತು. ಅಕ್ಕ ಅಧಿಕಾರಿಯನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಗಂಟೆಯ ಬಟನ್ ಒತ್ತಿದಳು. ಲಿಫ್ಟ್ ಬಂತು. ಮತ್ತೆ ಕಳಿಸಿದರು, ಮತ್ತೆ ಒತ್ತಿದಳು, ಮತ್ತೆ ಬಂತು. ಅಧಿಕಾರಿ ಪೆಟ್ಟಿಗೆಯ ಹಿಂದೆ ತಲೆ ತೂರಿಸಿ, ಬಿಳಿಯ ಮುಚ್ಚಳ ಬಿಚ್ಚಿ ನೋಡಿ, ಬಹಳ ಹೊತ್ತು ತಲೆ ಹೊರಗೆ ತೆಗೆಯಲಿಲ್ಲ.

"ನಿನಗೆ ಯಾವಾಗಿಂದ ಗೊತ್ತು?" ಎಂದರು ಭಾವ, ಕಿವಿ ಹಿಡಿದುಕೊಂಡು.

"ಶುರುವಿಂದ. ಮ್ಯಾಡಂ ಆಡೋಕೆ ಕೂತ್ರೆ ಲಿಫ್ಟ್ ಬಂದು ಬಾಗಿಲು ತೆಗೆದು ನಿಂತಿರತ್ತೆ. ಗಂಟು ಹೊತ್ತು ಕಾಯೋದು ತಪ್ಪಿತ್ತು. ಪೆಟ್ಟಿಗೆ ಉಪಯೋಗಕ್ಕೆ ಬರತ್ತೆ ಅಂತ ನೀವೇ ಹೇಳಿದ್ರಲ್ಲ."

"ಮೊದಲೇ ಹೇಳಬಾರದಾ?"

"ನೀವು ಇಂಜಿನಿಯರು, ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ," ಎಂದಳು ಅಕ್ಕ. ಅವಳ ಮುಖದಲ್ಲಿ ಏನೂ ಇರಲಿಲ್ಲ. ಇಂಜಿನಿಯರ್ ಅಲ್ಲ ಎಂಬ ಆ ಒಂದು ಮಾತನ್ನು ಗಂಡನ ಬಾಯಿಂದ ಕೇಳುವುದಕ್ಕೆ ಅವಳು ಅರಗು ಕರಗುವವರೆಗೂ ಕಾದಳು ಎಂದು ನನ್ನ ಅನುಮಾನ. ಕೇಳಿದರೆ ಒಪ್ಪುವುದಿಲ್ಲ.

ಅಧಿಕಾರಿ ಖಾತ್ರಿ ಮಾಡಿಕೊಳ್ಳಬೇಕೆಂದು ತಾವೇ ನಾಣ್ಯ ಹಾಕಿ ಹಿಡಿಕೆ ಹಿಡಿದರು. ಖಾತ್ರಿ ಬಹಳ ಹೊತ್ತು ನಡೆಯಿತು. ಮೇಡಂ ಪಕ್ಕದಲ್ಲಿ ನಿಂತು, "ಗಂಟೆ ಒತ್ತು, ಅಪಾಯ ಬಂತು, ಒತ್ತಪ್ಪ" ಎನ್ನುತ್ತಿದ್ದರು. ಕಾರ್ಯದರ್ಶಿ ಹೊರಗೆ ನಿಂತು, ಟಿಂಗ್ ಎಂದಾಗೆಲ್ಲ "ಬಂತು ಸಾರ್" ಎನ್ನುತ್ತಿದ್ದರು. ಕೊನೆಗೆ ಅಧಿಕಾರಿ ಇಕ್ಕಳದಿಂದ ಆ ಎರಡು ವೈರು ಕತ್ತರಿಸಿ, ಒಂದೊಂದಕ್ಕೂ ಟೇಪು ಸುತ್ತಿ, ಮುಚ್ಚಳ ಬಿಗಿದು ಅದರ ಮೇಲೆ ಅರಗಿನ ಮೊಹರು ಒತ್ತಿದರು. ಕರಗಿಸಿದ್ದು ದಂಡವಾಗಬಾರದಲ್ಲ. ಹೋಗುವಾಗ ಮೆಟ್ಟಿಲಿಳಿದೇ ಹೋದರು.

ಕಟ್ಟಡ ಮೊದಲಿನಂತಾಯಿತು. ಅಂಚೆ ಪೆಟ್ಟಿಗೆಯ ಮೇಲಿನ 'ಇಂಜಿನಿಯರ್' ಎಂಬುದನ್ನು ಕಾರ್ಯದರ್ಶಿ ಬಣ್ಣ ಬಳಿದು ಅಳಿಸಿದರು. ಬದಲಿಗೆ ಏನು ಬರೆಯುವುದೆಂದು ತೋಚದೆ ಹಾಗೇ ಬಿಟ್ಟಿದ್ದಾರೆ. ಮೇಡಂ ಮಾತ್ರ ಆಟ ಮೊದಲಿನಷ್ಟು ಚೆನ್ನಾಗಿಲ್ಲ, ಗಂಟೆ ಕಿತ್ತ ಮೇಲೆ ಶತ್ರುಗಳಿಗೆ ಭಯವೇ ಇಲ್ಲ ಎಂದು ದೂರುತ್ತಾರೆ. ಆದರೂ ಸಂಜೆ ಎರಡು ಆಟ ತಪ್ಪಿಸುವುದಿಲ್ಲ.

ಇದಾದ ಕೆಲವು ದಿನಗಳ ಮೇಲೆ ಆಸ್ಪತ್ರೆಯ ಪರದೆ ಕಳಿಸುವುದಿತ್ತು. ಅಕ್ಕ ಎರಡು ತೋಳಿನಲ್ಲಿ ಗಂಟು ತಬ್ಬಿಕೊಂಡು ಲಿಫ್ಟಿನ ಮುಂದೆ ನಿಂತಳು. ನನ್ನನ್ನು ಕರೆದು, ಕಂಪನಿಗೆ ಫೋನ್ ಹಚ್ಚಿ ಕಿವಿಗೆ ಹಿಡಿ ಎಂದಳು. ಹಿಡಿದೆ.

"ಕಂಪ್ಲೇಂಟ್ ವಿಭಾಗ, ಹೇಳಿ," ಎಂದಿತು ಗಂಭೀರವಾದ ದನಿ.

"ಎರಡನೇ ಮಹಡಿಗೆ ಲಿಫ್ಟ್ ತಾನಾಗಿ ಬರೋದು ನಿಂತುಹೋಗಿದೆ," ಎಂದಳು ಅಕ್ಕ. "ಗಂಟು ಹಿಡ್ಕೊಂಡು ನಿಂತಿದೀನಿ, ಕೈ ಖಾಲಿ ಇಲ್ಲ."

ಆ ಕಡೆಯ ದನಿ, "ಮೆಕ್ಯಾನಿಕ್ ಹೊರಟಿದ್ದಾರಮ್ಮ, ದಾರಿಯಲ್ಲಿದ್ದಾರೆ" ಎಂದಿತು. ಅರ್ಧಕ್ಕೆ ಬರುವಷ್ಟರಲ್ಲಿ ದನಿ ತೆಳ್ಳಗಾಗಿತ್ತು.

ನಾನೇ ಬಟನ್ ಒತ್ತಬಹುದಿತ್ತು. ಫೋನ್ ಹಿಡಿದಿದ್ದ ಕೈ ಬಿಟ್ಟರೆ ಇನ್ನೊಂದು ಕೈ ಖಾಲಿಯೇ ಇತ್ತು. ನನಗೆ ಹೊಳೆಯಲಿಲ್ಲ, ಅಕ್ಕನೂ ಹೇಳಲಿಲ್ಲ. ಗಂಟನ್ನು ಕೆಳಗಿಟ್ಟು ಅದರ ಮೇಲೆ ಕೂತಳು, ಕಾದಳು.

ಭಾವ ಬಂದರು. ಆಫೀಸಿನ ಚೀಲ ಹೆಗಲಲ್ಲಿ, ಬೆವರು ಹಣೆಯಲ್ಲಿ, ಮೆಟ್ಟಿಲು ಹತ್ತಿಕೊಂಡು ಬಂದರು. ಯಾರೊಂದಿಗೂ ಮಾತಾಡದೆ ಗೋಡೆಯ ಬಟನ್ನನ್ನು ಒಂದು ಬೆರಳಿನಿಂದ ಒತ್ತಿ, ಗಂಟನ್ನು ಎತ್ತಿ ಹೆಗಲಿಗೇರಿಸಿದರು. ಲಿಫ್ಟ್ ನಾಲ್ಕರಿಂದ ಇಳಿದು ಬಂತು. ಒಳಗೆ ಮೇಡಂ ಇದ್ದರು. ಭಾವನನ್ನು ಮೇಲಿಂದ ಕೆಳಗೆ ನೋಡಿದರು, ನನ್ನ ಕೈಯಲ್ಲಿ ಇನ್ನೂ ಇದ್ದ ಫೋನನ್ನು ನೋಡಿದರು. ಲೆಕ್ಕ ಅವರಿಗೆ ಕೂಡಲೇ ಹತ್ತಿತು.

"ಪರವಾಗಿಲ್ಲ, ಈ ಸಲ ಬಂದಿದ್ದೀಯ," ಎಂದು ಗಂಟಿಗೆ ಜಾಗ ಮಾಡಿಕೊಟ್ಟರು.